ಪತ್ರಮೈತ್ರಿಯಿಂದ ಪರಭಾಷೆ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಕೊನೆಯ ಭಾಗದಲ್ಲಿ ಪತ್ರ ಬರೆಯುವ ಪ್ರಶ್ನೆಯೊಂದು ಬಹುಕಾಲದಿಂದ ತಪ್ಪದೆ ಬರುತ್ತಿದೆ. ನೀವು ಇಂಥ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಓದುತ್ತಿರುವ ಇಂಥ ಹೆಸರಿನ ವಿದ್ಯಾರ್ಥಿಯೆಂದು ಭಾವಿಸಿಕೊಳ್ಳಿರಿ. ಶೈಕ್ಷಣಿಕ ಪ್ರವಾಸಕ್ಕೆ ಅನುಮತಿ ಬೇಡಿ ನಿಮ್ಮ ತಂದೆಗೆ ಪತ್ರ ಬರೆಯಿರಿ, ಎಂಬಂಥದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಳ್ಳಿಗಳಿಂದ ಮುಂಜಾನೆಯ ಬಸ್ಸು ಹಿಡಿದು ಪರೀಕ್ಷಾ ಕೇಂದ್ರಕ್ಕೆ ಬರುವ ಮಕ್ಕಳು ಈ ಉತ್ತರವನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ವಿಳಾಸ, ದಿನಾಂಕ, ಸಂಬೋಧನೆ, ನಾನಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಆ ತಂದೆ ಕುರಿ ಕಾಯುವವನಿರಬಹುದು, ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದವನಿರಬಹುದು. ಆದರೂ ಮಗನು ಅವನಿಗೆ ಇಂಗ್ಲಿಷಿನಲ್ಲಿಯೇ ಬಿನ್ನವಿಸಿಕೊಳ್ಳುತ್ತಾನೆ. ಆ ಪತ್ರ ಯಾವ ಅಂಚೆಪೆಟ್ಟಿಗೆಯನ್ನೂ ಕಾಣುವುದಿಲ್ಲ. ಅದಕ್ಕೆ ಉತ್ತರವೂ ಬರುವುದಿಲ್ಲ. ಅಂಕ ಮಾತ್ರ ಬರುತ್ತದೆ.

ಮೂವತ್ತು ವರ್ಷಕ್ಕೂ ಮಿಕ್ಕಿ ಇಂಗ್ಲಿಷ್ ಕಲಿಸುವ ವೃತ್ತಿಯಲ್ಲಿದ್ದ ನಾನು ಇಂಥ ಪತ್ರಗಳನ್ನು ಸಾವಿರಾರು ಸಂಖ್ಯೆಯಲ್ಲಿ ತಿದ್ದಿದ್ದೇನೆ. ಅವುಗಳಲ್ಲಿ ಒಂದೂ ಈಗ ನೆನಪಿಗೆ ಬಾರದು. ನೆನಪಿನಲ್ಲಿ ಉಳಿದಿರುವುದು ನಾನೇ ವಿದ್ಯಾರ್ಥಿಯಾಗಿದ್ದಾಗ ಬರೆದ, ನಿಜವಾದ ವಿಳಾಸವಿದ್ದ, ನಿಜವಾಗಿಯೂ ಉತ್ತರ ಬಂದ ನಾಲ್ಕು ಪತ್ರಗಳು.

ಅದು 1978ನೆಯ ಇಸವಿ. ನಮ್ಮದು ವರವು ಕಾವಲಿನ ಅಂಚಿನ ಒಂದು ಚಿಕ್ಕ ಹಳ್ಳಿ. ನಾನು ಪ್ರಸಾದ ನಿಲಯವೊಂದರಲ್ಲಿದ್ದುಕೊಂಡು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೆನು. ಆ ಕಾಲದಲ್ಲಿ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೆಯ ತರಗತಿಯಿಂದ. ಒಂದು ದಿನ ನಮ್ಮ ಇಂಗ್ಲಿಷ್ ಉಪಾಧ್ಯಾಯರು ಕೈಯಲ್ಲಿ ಕೆಲವು ಅಚ್ಚಾದ ಅರ್ಜಿಗಳನ್ನು ಹಿಡಿದುಕೊಂಡು ತರಗತಿಗೆ ಬಂದರು. ಫಿನ್ಲೆಂಡ್ ದೇಶದ ಟುರ್ಕು ಎಂಬ ನಗರದಲ್ಲಿ ಅಂತಾರಾಷ್ಟ್ರೀಯ ಯುವಜನ ಸೇವಾ ಸಂಸ್ಥೆಯೊಂದು ಇತ್ತು. ಇಂಗ್ಲಿಷಿನಲ್ಲಿ ಅದನ್ನು ಐ.ವೈ.ಎಸ್. ಎಂದು ಕರೆಯುತ್ತಿದ್ದರು. 1952ರಲ್ಲಿ ಆರಂಭವಾಗಿ 2008ರವರೆಗೆ ನಡೆದ ಆ ಸಂಸ್ಥೆಯ ಕಾರ್ಯ ಒಂದೇ: ಒಂದು ದೇಶದ ವಿದ್ಯಾರ್ಥಿಯ ಹೆಸರನ್ನು ಇನ್ನೊಂದು ದೇಶದ ಸಮವಯಸ್ಕನ ಹೆಸರಿನೊಡನೆ ಕೂಡಿಸಿ, ವಿಳಾಸ ಕಳುಹಿಸಿಕೊಡುವುದು. ಬರೆಯುವುದು, ಉತ್ತರಿಸುವುದು ಮಕ್ಕಳಿಗೆ ಬಿಟ್ಟದ್ದು. ಅರ್ಜಿಯಲ್ಲಿ ನಮ್ಮ ವಯಸ್ಸು, ಹವ್ಯಾಸ, ಯಾವ ದೇಶದ ಮಿತ್ರ ಬೇಕು ಎಂಬುದನ್ನು ತುಂಬಬೇಕಾಗಿತ್ತು. ನಮ್ಮೂರ ಪಟೇಲರ ಮನೆಯ ರೇಡಿಯೋ ಜಪಾನಿನದು ಎಂದು ಕೇಳಿದ್ದ ನಾನು ಜಪಾನ್ ಎಂದು ತುಂಬಿದೆ. ಎರಡು ತಿಂಗಳ ಅನಂತರ ಒಂದು ಸಣ್ಣ ಚೀಟಿ ಬಂದಿತು. ಅದರಲ್ಲಿ ಜಪಾನಿನ ಕರಾವಳಿಯ ಒಂದು ಊರಿನ ಹುಡುಗನ ಹೆಸರು, ವಿಳಾಸ.

ನನ್ನ ಮೊದಲ ಪತ್ರವನ್ನು ನಾನು ಬರೆದೆನೆಂದು ಹೇಳುವುದು ಸರಿಯಾಗದು. ಮಾದರಿ ಪತ್ರಗಳ ಪುಸ್ತಕವೊಂದರಲ್ಲಿ ‘ನನ್ನ ಹಳ್ಳಿ’ ಎಂಬ ಪ್ರಬಂಧವಿತ್ತು. ಅದನ್ನು ಒಂದಕ್ಷರ ತಪ್ಪದಂತೆ ನಕಲು ಮಾಡಿದೆ. ನನ್ನ ಹಳ್ಳಿ ಒಂದು ಸುಂದರವಾದ ನದಿಯ ದಡದಲ್ಲಿದೆ. ಸುತ್ತಲೂ ಹಸುರು ಬೆಟ್ಟಗಳಿವೆ. ತೆಂಗು, ಬಾಳೆಯ ತೋಟಗಳು ಕಣ್ಣಿಗೆ ಹಬ್ಬವನ್ನುಂಟುಮಾಡುತ್ತವೆ. ವೇದಾವತಿ ನದಿ ನಮ್ಮ ತಾಲ್ಲೂಕಿನಲ್ಲಿ ಹರಿಯುವುದೇನೋ ದಿಟವೇ. ಆದರೆ ಅದು ನಮ್ಮೂರಿಗೆ ಬಹಳ ದೂರ. ನಾನು ಕಂಡಾಗಲೆಲ್ಲ ಅದರಲ್ಲಿ ಇದ್ದುದು ಮರಳು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ನಮ್ಮದೂ ಒಂದು. ಬಾಳೆಯ ತೋಟವನ್ನು ನಾನು ಆವರೆಗೆ ಕಂಡೇ ಇರಲಿಲ್ಲ.

ಜಪಾನಿನ ಹುಡುಗ ಅದನ್ನು ನಂಬಿದ. ಅವನ ತಂದೆ ಮೀನುಗಾರ. ಉತ್ತರದಲ್ಲಿ ಅವನು ಮೂರು ಬಗೆಯ ಮೀನುಗಳ ಚಿತ್ರ ಬರೆದು, ಕೆಳಗೆ ಅವುಗಳ ಹೆಸರು ಬರೆದು, ನಿನ್ನ ನದಿಯಲ್ಲಿ ಯಾವ ಮೀನುಗಳಿವೆ, ನೀನೂ ಚಿತ್ರ ಬರೆದು ಕಳುಹಿಸು ಎಂದು ಕೇಳಿದ್ದನು.

ಆ ಪತ್ರವನ್ನು ಓದಿದಾಗ ನನಗಾದ ನಾಚಿಕೆಯನ್ನು ಇಂದಿಗೂ ಮರೆತಿಲ್ಲ. ಮನೆಯಲ್ಲಿ ಮೀನಿನ ಹೆಸರನ್ನೇ ಎತ್ತದ ಸಂಪ್ರದಾಯದಲ್ಲಿ ಬೆಳೆದ ಹುಡುಗ ನಾನು. ಒಂದು ವಾರ ಪತ್ರವನ್ನು ಟ್ರಂಕಿನಲ್ಲಿ ಅಡಗಿಸಿಟ್ಟು, ಕಡೆಗೆ ಉಪಾಧ್ಯಾಯರ ಮುಂದೆ ಒಪ್ಪಿಕೊಂಡೆ. ಅವರು ಗದರಲಿಲ್ಲ. “ನದಿ ಇಲ್ಲ ಅಂತ ಬರಿ. ಏನಿದೆಯೋ ಅದನ್ನ ಬರಿ” ಎಂದರು, ಅಷ್ಟೆ.

ಏನಿದೆಯೋ ಅದನ್ನು ಬರೆಯಲು ನನಗೆ ಹನ್ನೆರಡು ದಿನ ಹಿಡಿಯಿತು. ನಾಲ್ಕು ವರ್ಷಗಳ ಇಂಗ್ಲಿಷ್ ಓದಿನಲ್ಲಿ ರಾಜ, ಕಾಡು, ಸಿಂಹ, ರೈಲುನಿಲ್ದಾಣ ಇವೆಲ್ಲಕ್ಕೂ ನನಗೆ ಪದಗಳು ತಿಳಿದಿದ್ದವು. ಆದರೆ ಮನೆಯ ಬಾಗಿಲಲ್ಲಿ ನಿಂತರೆ ಕಾಣುವ ಒಂದು ವಸ್ತುವಿಗೂ ಪದ ತಿಳಿದಿರಲಿಲ್ಲ. ಶೇಂಗಾ ಬಳ್ಳಿಯನ್ನು ಕಿತ್ತು ಕಾಯಿ ಬಿಡಿಸುವುದಕ್ಕೆ ಏನೆನ್ನಬೇಕು? ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮುಂದೆ ಸಾಲುಗಟ್ಟಿ ನಿಲ್ಲುವ ಗಾಡಿಗಳ ವಿಷಯ ಹೇಗೆ ಹೇಳಬೇಕು? ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಹುಣಿಸೆಬೀಜದ ಗಂಜಿ ಹಚ್ಚುವುದನ್ನು ದಿನವೂ ನೋಡುತ್ತಿದ್ದೆ. ‘ಗಂಜಿ’ ಎಂಬುದಕ್ಕೆ ಇಂಗ್ಲಿಷ್ ಪದ ಕೇಳಿದರೆ ತರಗತಿಯ ಮೊದಲನೆಯ ಸ್ಥಾನದ ಹುಡುಗನೂ ತಲೆ ಕೆರೆದುಕೊಂಡನು. ಶಾಲೆಯಲ್ಲಿ ಇದ್ದ ಒಂದೇ ನಿಘಂಟನ್ನು ನಾನು ಮೊದಲ ಬಾರಿಗೆ ಮುಟ್ಟಿದ್ದು ಆ ಹನ್ನೆರಡು ದಿನಗಳಲ್ಲಿ.

ಎಲ್ಲಕ್ಕಿಂತ ಹೆಚ್ಚು ಕಾಡಿದ ಪದ ‘ಕಾವಲು’. ನಿಘಂಟಿನಲ್ಲಿ ಪಹರೆ ಎಂಬ ಅರ್ಥದ ಇಂಗ್ಲಿಷ್ ಪದವಿತ್ತು. ಅದನ್ನೇ ಬರೆದೆ. ನಮ್ಮೂರಿನ ಪಕ್ಕದಲ್ಲಿ ದೊಡ್ಡದೊಂದು ಪಹರೆಯ ಭೂಮಿಯಿದೆ, ಅಲ್ಲಿ ಜಿಂಕೆಗಳಿವೆ ಎಂದು. ಮುಂದಿನ ಪತ್ರದಲ್ಲಿ ಅವನು ಕೇಳಿದ: ಯಾರು ಕಾಯುತ್ತಾರೆ? ಯಾರಿಂದ ಕಾಯುತ್ತಾರೆ? ಸೈನಿಕರಿದ್ದಾರೆಯೆ? ಇದಕ್ಕೆ ಉತ್ತರ ಕೊಡಬೇಕಾದರೆ ಕಾವಲೆಂದರೇನೆಂದು ಮೊದಲು ನಾನು ತಿಳಿಯಬೇಕಾಯಿತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳು, ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟದ್ದು, ಫಿರಂಗಿ ಎಳೆಯುತ್ತಿದ್ದ ಆ ತಳಿಯ ಎತ್ತುಗಳಿಗಾಗಿ ರಾಜ್ಯದ ಉದ್ದಗಲಕ್ಕೂ ಕಾದಿಟ್ಟ ಹುಲ್ಲುಗಾವಲುಗಳು, ಅವುಗಳಲ್ಲಿ ನಮ್ಮ ವರವು ಕಾವಲೂ ಒಂದು ಎಂಬುದು. ನನ್ನ ಊರಿನ ಚರಿತ್ರೆಯನ್ನು ನಾನು ಕಲಿತದ್ದು ಜಪಾನಿನ ಹುಡುಗನೊಬ್ಬನ ತಪ್ಪು ತಿಳುವಳಿಕೆಯಿಂದ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವನ ಊಹೆ ಅಂದು ನನಗೆ ನಗೆ ತರಿಸಿತ್ತು. ಆದರೆ ವರವು ಕಾವಲಿನ ಸುಮಾರು 4,290 ಎಕರೆ ಭೂಮಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸೇರಿ, 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಈಗ ಅಲ್ಲಿ ಗೋಡೆಯಿದೆ, ಗೇಟಿದೆ, ಪಹರೆಯೂ ಇದೆ. ನಾನು ತಪ್ಪಾಗಿ ಬಳಸಿದ ಇಂಗ್ಲಿಷ್ ಪದ ನಲವತ್ತು ವರ್ಷಗಳ ಅನಂತರ ಸರಿಯಾಯಿತು.

ಈ ಪತ್ರವ್ಯವಹಾರದಲ್ಲಿ ನನಗೆ ಧೈರ್ಯ ತಂದ ಇನ್ನೊಂದು ಸಂಗತಿಯೆಂದರೆ ಅವನ ಇಂಗ್ಲಿಷೂ ನನ್ನದರಂತೆಯೇ ಕುಂಟುತ್ತಿತ್ತು. ನಾಮಪದಗಳ ಹಿಂದೆ ಬರಬೇಕಾದ ಉಪಪದಗಳನ್ನು ಅವನೂ ಬಿಟ್ಟುಬಿಡುತ್ತಿದ್ದನು. ಅವು ಅವನ ಭಾಷೆಯಲ್ಲಿಯೂ ಇಲ್ಲ, ನಮ್ಮ ಭಾಷೆಯಲ್ಲಿಯೂ ಇಲ್ಲ. ಇಬ್ಬರಿಗೂ ಪರಕೀಯವಾದ ಭಾಷೆಯೊಂದರಲ್ಲಿ ಇಬ್ಬರು ಮಾತನಾಡಿದಾಗ ಒಬ್ಬರ ಮುಂದೆ ಒಬ್ಬರಿಗೆ ಸಂಕೋಚವಿರುವುದಿಲ್ಲ. ಇಂಗ್ಲಿಷನ್ನು ತಾಯಿನುಡಿಯಾಗಿ ಉಳ್ಳವರೊಡನೆಯೇ ಪತ್ರ ಬರೆಯಬೇಕು, ಆಗಲೇ ಶುದ್ಧ ಇಂಗ್ಲಿಷ್ ಬರುತ್ತದೆ ಎಂದು ವಾದಿಸುವ ಸಹೋದ್ಯೋಗಿಗಳಿದ್ದರು. ನನಗೆ ಆ ಮಾತು ಒಪ್ಪಿಗೆಯಾಗಿಲ್ಲ.

ಶಾಲಾ ಮಕ್ಕಳ ಪತ್ರಮೈತ್ರಿಯ ಕಲ್ಪನೆ ಹೊಸದೇನಲ್ಲ. ಅದಕ್ಕೆ ನೂರ ಇಪ್ಪತ್ತೈದು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. 1897ರ ಸುಮಾರಿಗೆ ದಕ್ಷಿಣ ಫ್ರಾನ್ಸಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಪಾಲ್ ಮಿಯೆಯ್ ಎಂಬ ಅಧ್ಯಾಪಕರು, ತಮ್ಮ ವಿದ್ಯಾರ್ಥಿಗಳು ಇಂಗ್ಲೆಂಡಿನ ವಿದ್ಯಾರ್ಥಿಗಳೊಡನೆ ಪತ್ರವ್ಯವಹಾರ ನಡೆಸಿದರೆ ಉಭಯರಿಗೂ ಭಾಷೆ ಬರುವುದೆಂದು ಆಲೋಚಿಸಿದರು. ಲಂಡನ್ನಿನಲ್ಲಿ ‘ರಿವ್ಯೂ ಆಫ್ ರಿವ್ಯೂಸ್’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದ ಡಬ್ಲ್ಯು.ಟಿ. ಸ್ಟೆಡ್ ಅವರು ಇದಕ್ಕೆ ತಮ್ಮ ಪತ್ರಿಕೆಯ ಪುಟಗಳನ್ನು ತೆರೆದುಕೊಟ್ಟರು. (1912ರಲ್ಲಿ ಟೈಟಾನಿಕ್ ಹಡಗಿನೊಡನೆ ಮುಳುಗಿದವರಲ್ಲಿ ಈ ಸ್ಟೆಡ್ ಅವರೂ ಒಬ್ಬರು.) ಜರ್ಮನಿಯ ಲೈಪ್‌ಜಿಗ್ ನಗರದ ಪ್ರೊಫೆಸರ್ ಮಾರ್ಟಿನ್ ಹಾರ್ಟ್‌ಮನ್ ಅವರು ಅಲ್ಲೊಂದು ಕೇಂದ್ರ ತೆರೆದು, ಜರ್ಮನ್ ವಿದ್ಯಾರ್ಥಿಗಳನ್ನು ಫ್ರಾನ್ಸ್, ಇಂಗ್ಲೆಂಡುಗಳ ವಿದ್ಯಾರ್ಥಿಗಳೊಡನೆ ಜೋಡಿಸುವ ಕಾರ್ಯವನ್ನು ವ್ಯವಸ್ಥಿತವಾಗಿ ಕೈಗೊಂಡರು. ಅಮೆರಿಕದಲ್ಲಿ ಸ್ವಾರ್ತ್‌ಮೋರ್ ಕಾಲೇಜಿನ ಅಧ್ಯಕ್ಷರಾಗಿ ನಿವೃತ್ತರಾಗಿದ್ದ ಎಡ್ವರ್ಡ್ ಮ್ಯಾಗಿಲ್ ಅವರು ಇದನ್ನು ಹರಡಿದರು.

ಇದು ಸಾಧ್ಯವಾದುದಕ್ಕೆ ಇನ್ನೊಂದು ಕಾರಣವುಂಟು. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಅಂಚೆಯ ವಿಶ್ವಸಂಸ್ಥೆ ಹುಟ್ಟಿತ್ತು. 1876ರಲ್ಲಿ ಭಾರತವೂ ಅದನ್ನು ಸೇರಿತು. ಒಂದು ದೇಶದ ಅಂಚೆಚೀಟಿಯನ್ನು ಅಂಟಿಸಿದ ಪತ್ರವನ್ನು ಸದಸ್ಯ ರಾಷ್ಟ್ರಗಳೆಲ್ಲ ತಮ್ಮದೆಂದೇ ಭಾವಿಸಿ ಮುಟ್ಟಿಸಬೇಕೆಂಬ ಒಪ್ಪಂದ ಅದು. ಅದಿಲ್ಲದಿದ್ದರೆ ಬಡ ವಿದ್ಯಾರ್ಥಿಯ ಪತ್ರ ಗಡಿ ದಾಟುತ್ತಿರಲಿಲ್ಲ.

ಆ ಯೋಜನೆಯ ಕ್ರಮವೇ ನನಗೆ ಅತ್ಯಂತ ವಿವೇಕದ್ದಾಗಿ ಕಾಣುತ್ತದೆ. ಫ್ರೆಂಚ್ ಹುಡುಗನು ಒಂದು ಸಲ ತನ್ನ ಭಾಷೆಯಲ್ಲಿ ಬರೆಯುತ್ತಾನೆ, ಇನ್ನೊಂದು ಸಲ ಕಲಿಯುತ್ತಿರುವ ಭಾಷೆಯಲ್ಲಿ. ಆ ಕಡೆಯವನೂ ಹಾಗೆಯೇ. ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿ ಹಿಂದಿರುಗಿಸುತ್ತಾರೆ. ತನ್ನ ಭಾಷೆಯಲ್ಲಿ ಬರೆದ ಪತ್ರ ಎದುರಿನವನಿಗೆ ಪಠ್ಯ. ಎದುರಿನವನ ಭಾಷೆಯಲ್ಲಿ ಬರೆದ ಪತ್ರ ತನಗೆ ಅಭ್ಯಾಸ. ಇದರಲ್ಲಿ ಗುರುವೂ ಅವನೇ, ಶಿಷ್ಯನೂ ಅವನೇ. ತಿದ್ದಿಸಿಕೊಂಡ ಹುಡುಗನು ಮರುದಿನ ತಿದ್ದುವವನಾಗುವುದರಿಂದ ಕೀಳರಿಮೆಗೆ ಅವಕಾಶವಿಲ್ಲ.

1870–71ರ ಯುದ್ಧದ ಗಾಯವಿನ್ನೂ ಮಾಯದಿದ್ದ ಫ್ರಾನ್ಸ್, ಜರ್ಮನಿಗಳ ಹುಡುಗರು ಹೀಗೆ ಒಬ್ಬರಿಗೊಬ್ಬರು ಬರೆದರು. ಆ ತಲೆಮಾರಿನ ಹುಡುಗರೇ 1914ರಲ್ಲಿ ಕಂದಕಗಳ ಎರಡು ಬದಿಗಳಲ್ಲಿ ನಿಂತರು. ಪತ್ರಮೈತ್ರಿಯಿಂದ ಲೋಕಶಾಂತಿ ನೆಲಸುವುದೆಂದು ನಂಬಿಸುವವರಿದ್ದಾರೆ; ಈ ಇತಿಹಾಸವನ್ನು ಓದಿದ ಮೇಲೆ ನಾನು ಅಷ್ಟು ದೊಡ್ಡ ಮಾತನ್ನು ಆಡಲಾರೆ. ಭಾಷೆ ಬರುತ್ತದೆ, ಇನ್ನೊಬ್ಬನ ಮನೆಯ ಒಲೆ, ಅಂಗಳ ಕಣ್ಣಿಗೆ ಕಟ್ಟುತ್ತದೆ, ಎಂಬಷ್ಟನ್ನು ಹೇಳಬಲ್ಲೆ.

ಆ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು ಹಿಂದಿರುಗಿದ ಸೆಲೆಸ್ಟೆನ್ ಫ್ರೆನೆ ಎಂಬ ಹಳ್ಳಿಯ ಉಪಾಧ್ಯಾಯರು ದಕ್ಷಿಣ ಫ್ರಾನ್ಸಿನ ಬೆಟ್ಟಸೀಮೆಯ ಒಂದು ಶಾಲೆಯಲ್ಲಿದ್ದರು. ಹೆಚ್ಚು ಹೊತ್ತು ಗಟ್ಟಿಯಾಗಿ ಪಾಠ ಹೇಳುವುದು ಅವರಿಗೆ ಕಷ್ಟ. ಅವರು ಶಾಲೆಗೆ ಒಂದು ಪುಟ್ಟ ಮುದ್ರಣಯಂತ್ರ ತಂದು, ಮಕ್ಕಳು ಬರೆದುದನ್ನು ಮಕ್ಕಳ ಕೈಯಿಂದಲೇ ಅಚ್ಚು ಹಾಕಿಸಿದರು; 1926ರಲ್ಲಿ ಅದನ್ನು ದೇಶದ ಇನ್ನೊಂದು ತುದಿಯಲ್ಲಿ, ಬ್ರಿಟನಿಯ ಕಡಲತಡಿಯ ಟ್ರೆಗಂಕ್ ಎಂಬಲ್ಲಿನ ಶಾಲೆಗೆ ಕಳುಹಿಸತೊಡಗಿದರು. ಬೆಟ್ಟದ ಮಕ್ಕಳಿಗೆ ಕಡಲಿನ ಸುದ್ದಿ, ಕಡಲಿನ ಮಕ್ಕಳಿಗೆ ಬೆಟ್ಟದ ಸುದ್ದಿ. ಇಲ್ಲಿ ಭಾಷೆ ಎರಡೂ ಕಡೆ ಫ್ರೆಂಚೇ. ಆದರೂ ಇದನ್ನು ಹೇಳಿದ್ದು ಏಕೆಂದರೆ, ಆ ಮಕ್ಕಳು ಬರೆದುದು ಪಠ್ಯದಲ್ಲಿದ್ದುದನ್ನಲ್ಲ. ಓದುವವರಿಗೆ ತಿಳಿಯದ, ತಮಗೆ ಮಾತ್ರ ತಿಳಿದಿರುವ ಸಂಗತಿಯನ್ನು.

ಉಪಾಧ್ಯಾಯನಾದ ಮೇಲೆ ನಾನೂ ನನ್ನ ತರಗತಿಗಳಲ್ಲಿ ಮೂರು ಸಲ ಪತ್ರಮೈತ್ರಿಯನ್ನು ನಡೆಸಿದೆನು. ಮೊದಲ ಸಲದ್ದು ಸಂಪೂರ್ಣ ವಿಫಲವಾಯಿತು. ಅದಕ್ಕೆ ಹೊಣೆ ನಾನೇ. ಪರದೇಶದ ಶಾಲೆಯೊಂದಕ್ಕೆ ಮೂವತ್ತೆರಡು ಪತ್ರಗಳನ್ನು ಕಳುಹಿಸುವುದಿತ್ತು. ತಪ್ಪಿದ್ದರೆ ನಮ್ಮ ಮಾನ ಹೋದೀತೆಂದು ಹೆದರಿ ಪ್ರತಿಯೊಂದು ಪತ್ರವನ್ನೂ ಕೆಂಪು ಮಸಿಯಿಂದ ತಿದ್ದಿ, ಮತ್ತೆ ಮತ್ತೆ ನಕಲು ಮಾಡಿಸಿದೆ. ಕೊನೆಗೆ ಹೊರಟ ಮೂವತ್ತೆರಡು ಪತ್ರಗಳೂ ಒಂದೇ ಪತ್ರವಾಗಿದ್ದವು. ಹೆಸರು ಮಾತ್ರ ಬೇರೆ. ಎಲ್ಲ ಮಕ್ಕಳೂ ಕ್ರಿಕೆಟ್ ಆಡುತ್ತಿದ್ದರು, ಎಲ್ಲರಿಗೂ ದೇಶಸೇವೆ ಮಾಡುವ ಆಸೆಯಿತ್ತು. ಆ ಶಾಲೆಯಿಂದ ಸೌಜನ್ಯದ ಒಂದು ಉತ್ತರ ಬಂದು ಅಲ್ಲಿಗೆ ನಿಂತುಹೋಯಿತು. ಯಾರು ತಾನೆ ಒಬ್ಬ ಮೇಷ್ಟರಿಗೆ ಮೂವತ್ತೆರಡು ಉತ್ತರ ಬರೆದಾರು?

ಎರಡನೆಯ ಸಲ ನಾನು ಒಂದು ನೇಮ ಮಾಡಿಕೊಂಡೆ. ಓದುವವನಿಗೆ ಅರ್ಥವೇ ಆಗದಂಥ ತಪ್ಪನ್ನು ಮಾತ್ರ ತೋರಿಸುವುದು, ಉಳಿದುದನ್ನು ಹಾಗೆಯೇ ಬಿಡುವುದು. ಒಬ್ಬ ಹುಡುಗಿ ತನ್ನ ಅಜ್ಜಿಯ ವಿಷಯ ಬರೆದಿದ್ದಳು. ಅಜ್ಜಿ ‘ಸತ್ತಿದ್ದಾಳೆ’ ಎಂದು ಬರೆಯಲು ಹೋಗಿ, ‘ಸಾಯುತ್ತಿದ್ದಾಳೆ’ ಎಂಬರ್ಥ ಬರುವಂತೆ ಬರೆದಿದ್ದಳು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಎರಡು ತಿಂಗಳಿನ ಮೇಲೆ ಬಂದ ಉತ್ತರದಲ್ಲಿ ಆ ಕಡೆಯ ಹುಡುಗಿ ನಿನ್ನ ಅಜ್ಜಿ ಗುಣಮುಖಳಾದಳೆ ಎಂದು ಕಳವಳದಿಂದ ಕೇಳಿದ್ದಳು. ನಮ್ಮ ಹುಡುಗಿ ಪತ್ರ ಹಿಡಿದುಕೊಂಡು ಅತ್ತಳು. ವ್ಯಾಕರಣದ ಕಾಲರೂಪಗಳನ್ನು ನಾನು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದೆನೋ! ಆ ಹುಡುಗಿ ಆ ರೂಪವನ್ನು ಮತ್ತೆಂದೂ ತಪ್ಪು ಬರೆಯಲಿಲ್ಲ.

ಇನ್ನೊಂದು ತೊಡಕನ್ನು ತಾಯಿತಂದೆಗಳು, ಉಪಾಧ್ಯಾಯರು ಮೊದಲೇ ತಿಳಿದಿರಬೇಕು. ಉತ್ತರ ಬಾರದ ಮಗುವಿನ ಸಂಕಟ. ಎಲ್ಲರ ಲಕೋಟೆಗಳೂ ಬಂದು, ಒಬ್ಬನದು ಮಾತ್ರ ಬಾರದಿದ್ದರೆ ಅವನು ಭಾಷೆಯನ್ನೇ ದ್ವೇಷಿಸತೊಡಗುತ್ತಾನೆ. ಆದಕಾರಣ ಮೂರನೆಯ ಸಲ ನಾನು ಮಗುವಿಗೆ ಮಗುವನ್ನು ಜೋಡಿಸದೆ, ನಾಲ್ವರ ಗುಂಪಿಗೆ ನಾಲ್ವರ ಗುಂಪನ್ನು ಜೋಡಿಸಿ, ಎಲ್ಲ ಪತ್ರಗಳನ್ನೂ ಒಂದೇ ಕಟ್ಟಿನಲ್ಲಿ ಕಳುಹಿಸಿದೆ. ಅಂಚೆವೆಚ್ಚವೂ ಉಳಿಯಿತು. ವಿಳಾಸ ಯಾವಾಗಲೂ ಶಾಲೆಯದೇ ಇರಬೇಕು. ಮನೆಯ ವಿಳಾಸ, ಫೋನ್ ನಂಬರು ಕೊಡಬಾರದು. ಬಂದ ಪತ್ರವನ್ನು ಉಪಾಧ್ಯಾಯರು ಒಮ್ಮೆ ನೋಡಬೇಕು. ಇಂದಿನ ಕಾಲದಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಈ ಎಚ್ಚರಿಕೆ ಅನಾವಶ್ಯಕವೆಂದು ಯಾರೂ ಹೇಳಲಾರರು.

ಪರಭಾಷೆಯ ಪತ್ರ ನಮ್ಮ ಸೀಮೆಗೆ ಎಷ್ಟು ಹಳೆಯದೆಂಬುದನ್ನು ಮಕ್ಕಳಿಗೆ ತೋರಿಸಲು ನಾನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದೊಯ್ಯುತ್ತಿದ್ದೆನು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಸ್ಥಳಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಶಾಸನವೆಂದರೆ ರಾಜಾಜ್ಞೆ ಎಂದಷ್ಟೇ ಮಕ್ಕಳು ತಿಳಿದಿರುತ್ತಾರೆ. ಆದರೆ ಬ್ರಹ್ಮಗಿರಿಯ ಶಾಸನ ಆರಂಭವಾಗುವುದು ನೇರ ಪತ್ರದಂತೆ. ಸುವರ್ಣಗಿರಿಯಲ್ಲಿರುವ ರಾಜಕುಮಾರ ಮತ್ತು ಮಹಾಮಾತ್ರರ ಕಡೆಯಿಂದ, ಇಸಿಲದಲ್ಲಿರುವ ಮಹಾಮಾತ್ರರಿಗೆ. ಮೊದಲು ಅವರ ಆರೋಗ್ಯ ವಿಚಾರಿಸುವುದು, ಆಮೇಲೆ ವಿಷಯ. ಯಾರಿಂದ, ಯಾರಿಗೆ, ಕ್ಷೇಮ, ವಿಷಯ ಎಂಬ ಪರೀಕ್ಷೆಯ ಆ ಚೌಕಟ್ಟು ನಮ್ಮ ತಾಲ್ಲೂಕಿನ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ಕೆತ್ತಲ್ಪಟ್ಟಿದೆ! ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ; ಎರಡೂ ಅಂದಿನ ಈ ನೆಲದ ಜನರಿಗೆ ಹೊರಗಿನಿಂದ ಬಂದವು.

ಮಕ್ಕಳಿಗೆ ಹೆಚ್ಚು ಇಷ್ಟವಾಗುತ್ತಿದ್ದುದು ಕೊನೆಯ ಸಾಲು. ಅಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಲಿಪಿಕಾರನೆಂಬ ತನ್ನ ವೃತ್ತಿಯನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದುದು ದೂರದ ವಾಯವ್ಯ ದಿಕ್ಕಿನ ಗಾಂಧಾರದ ಕಡೆ. ಅವನು ಆ ಸೀಮೆಯವನೇ ಇರಬಹುದು, ಅಥವಾ ಅಲ್ಲಿ ಕಲಿತು ಬಂದವನಿರಬಹುದು. ಈ ಬಯಲುಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಒಮ್ಮೆ ಒಬ್ಬ ಹುಡುಗ ನನ್ನನ್ನು ಕೇಳಿದ, “ಸಾರ್, ಅವ್ನಿಗೆ ಯಾರಾದ್ರೂ ಉತ್ತರ ಬರೆದ್ರಾ?”

ಈಗ ನಮ್ಮ ಇಂದಿನ ಮನೆಗಳ ವಿಷಯಕ್ಕೆ ಬರೋಣ. ಪತ್ರದ ಕಾಲ ಮುಗಿಯಿತೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಡೆನ್ಮಾರ್ಕಿನ ಅಂಚೆ ಸಂಸ್ಥೆ 2025ರ ಕೊನೆಗೆ ಪತ್ರ ಬಟವಾಡೆಯನ್ನೇ ನಿಲ್ಲಿಸಿತು. ನಾಲ್ಕು ನೂರು ವರ್ಷ ನಡೆದ ಸೇವೆ ಅದು. ನಮ್ಮ ದೇಶದ ಅಂಚೆಯಣ್ಣ ಇನ್ನೂ ಹಳ್ಳಿಗಳಿಗೆ ಬರುತ್ತಾನೆ. ಭಾರತೀಯ ಅಂಚೆ ಇಲಾಖೆ 2017ರಿಂದ ‘ಢಾಯಿ ಅಖರ್’ ಎಂಬ ಪತ್ರಲೇಖನ ಸ್ಪರ್ಧೆಯನ್ನು ನಡೆಸುತ್ತಿದೆ. ಅಂಚೆಯ ವಿಶ್ವಸಂಸ್ಥೆಯೂ 1971ರಿಂದ ಮಕ್ಕಳಿಗಾಗಿ ಅಂತಾರಾಷ್ಟ್ರೀಯ ಪತ್ರಲೇಖನ ಸ್ಪರ್ಧೆ ನಡೆಸುತ್ತ ಬಂದಿದೆ. ಒಳ್ಳೆಯ ಕಾರ್ಯಗಳೇ, ಆದರೆ ಅಲ್ಲಿಯೂ ಬಹುಮಾನ ಬಂದೀತೇ ಹೊರತು ಉತ್ತರ ಬಾರದು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ನಾವು ಆರು ವರ್ಷ ಕಲಿತುದನ್ನು ಈಗಿನ ಮಕ್ಕಳು ಹತ್ತು ವರ್ಷ ಕಲಿಯುತ್ತಾರೆ. ಹತ್ತು ವರ್ಷಗಳಲ್ಲಿ ಆ ಭಾಷೆಯಲ್ಲಿ ಅವರನ್ನು ಯಾರಾದರೂ ಒಮ್ಮೆಯಾದರೂ ನಿಜವಾದ ಪ್ರಶ್ನೆ ಕೇಳಿದ್ದಾರೆಯೆ? ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳುವವನು ಉಪಾಧ್ಯಾಯ ಮಾತ್ರ. ನಿಮ್ಮೂರಿನಲ್ಲಿ ಮಳೆ ಬಂತೆ ಎಂದು ಕೇಳುವವನಿಗೆ ಉತ್ತರ ಗೊತ್ತಿರುವುದಿಲ್ಲ.

ಈ ಕಾರ್ಯಕ್ಕೆ ಜಪಾನಿನವರೆಗೂ ಹೋಗಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಇಂದು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿವೆ. ಉತ್ತರ ಅಮೆರಿಕದ ವೀರಶೈವ ಸಮಾಜದ ಸಮಾವೇಶಗಳ ಸುದ್ದಿಯನ್ನು ಓದುಗರು ಬಲ್ಲರು. ಅಲ್ಲಿ ಹುಟ್ಟಿದ ಮಕ್ಕಳಿಗೆ ಇಂಗ್ಲಿಷ್ ಆಟದ ಭಾಷೆ, ಶಾಲೆಯ ಭಾಷೆ. ಕನ್ನಡವೇ ಕಲಿಯಬೇಕಾದ ಪರಭಾಷೆ. ಶನಿವಾರ, ಭಾನುವಾರಗಳಂದು ಅವರಿಗಾಗಿ ಕನ್ನಡ ಶಾಲೆಗಳು ನಡೆಯುತ್ತವೆ; ಕನ್ನಡ ಅಕಾಡೆಮಿಯಂಥ ಸಂಸ್ಥೆಗಳು ಪಠ್ಯವನ್ನು ಒದಗಿಸುತ್ತಿವೆ. ಆ ಮಕ್ಕಳೂ ‘ಅ’ದಿಂದ ‘ಅರಸ’, ‘ಆ’ದಿಂದ ‘ಆನೆ’ ಎಂದು ಬರೆಯುತ್ತಾರೆ. ಆದರೆ ಕನ್ನಡದಲ್ಲಿ ಯಾರಿಗೆ ಏನನ್ನು ಹೇಳುವುದೆಂದು ಅವರಿಗೂ ತೋರುವುದಿಲ್ಲ. ಅಜ್ಜಿಯೊಡನೆ ವಿಡಿಯೋ ಕರೆಯಲ್ಲಿ “ಊಟ ಆಯ್ತಾ?” “ಆಯ್ತು” ಎಂಬಲ್ಲಿಗೆ ಕನ್ನಡ ಮುಗಿದು, ಮುಂದಿನ ಮಾತನ್ನು ತಾಯಿಯೇ ಆಡಬೇಕಾಗುತ್ತದೆ.

ಇತ್ತ ಚಳ್ಳಕೆರೆಯ ಮಗುವಿಗೆ ಕನ್ನಡ ಇದೆ, ಇಂಗ್ಲಿಷ್ ಬೇಕು. ಅತ್ತ ಆ ಮಗುವಿಗೆ ಇಂಗ್ಲಿಷ್ ಇದೆ, ಕನ್ನಡ ಬೇಕು. ಮಿಯೆಯ್ ಮತ್ತು ಹಾರ್ಟ್‌ಮನ್ ಅವರು ಹಾಕಿಕೊಟ್ಟ ಕ್ರಮಕ್ಕೆ ಇದಕ್ಕಿಂತ ಹೊಂದುವ ಜೋಡಿ ಎಲ್ಲಿ ಸಿಕ್ಕೀತು? ಇಲ್ಲಿಯ ಮಗು ಅರ್ಧ ಪುಟ ಕನ್ನಡ, ಅರ್ಧ ಪುಟ ಇಂಗ್ಲಿಷ್ ಬರೆಯಲಿ. ಅಲ್ಲಿಯದೂ ಹಾಗೆಯೇ ಬರೆಯಲಿ. ನಮ್ಮ ಸೀಮೆಯಲ್ಲಿ ಮನೆಯೊಳಗೆ ತೆಲುಗು ಆಡುವ ಮಕ್ಕಳೂ, ಲಂಬಾಣಿ ನುಡಿಯ ಮಕ್ಕಳೂ ಬಹಳ. ಮನೆಯದೊಂದು, ಶಾಲೆಯದೊಂದು ಭಾಷೆಯಿರುವ ಕಷ್ಟ ಅವರಿಗೆ ಹೊಸದಲ್ಲ. ಅಮೆರಿಕದ ಕನ್ನಡ ಮಗುವಿನ ಪಾಡನ್ನು ಅವರು ನಮಗಿಂತ ಚೆನ್ನಾಗಿ ಅರಿತಾರು. ಬೇಕಾದುದು ಇಷ್ಟೆ: ಈ ಕಡೆ ಒಬ್ಬ ಉಪಾಧ್ಯಾಯರು, ಆ ಕಡೆ ಒಬ್ಬ ತಾಯಿ, ತಿಂಗಳಿಗೊಂದು ಕಟ್ಟಿನ ಅಂಚೆವೆಚ್ಚ. ಊರಿನ ಯಾರಾದರೊಬ್ಬ ಶರಣರು ಅದನ್ನು ವಹಿಸಿಕೊಳ್ಳುವುದು ಕಷ್ಟವೇನಲ್ಲ.

ಕಾಗದವೇ ಏಕೆ, ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಆಗುವುದಿಲ್ಲವೆ ಎಂದು ಕಿರಿಯರು ಕೇಳುತ್ತಾರೆ. ಆಗುತ್ತದೆ. ಆದರೆ ಕ್ಷಣಮಾತ್ರದಲ್ಲಿ ಆಗುವುದೇ ಕಲಿಯುವವನಿಗೆ ತೊಂದರೆ. ಪದ ಹುಡುಕಲು, ಬರೆದುದನ್ನು ಹೊಡೆದುಹಾಕಲು, ತಿಳಿದವರನ್ನು ಕೇಳಲು ಅವನಿಗೆ ವ್ಯವಧಾನ ಬೇಕು. ಈಗ ಯಂತ್ರವೇ ಅನುವಾದ ಮಾಡಿಕೊಡುತ್ತದೆ. ಹಾಗೆ ಮಾಡಿಸಿದ ಪತ್ರ ನಾನು ನಕಲು ಮಾಡಿದ ಮಾದರಿ ಪತ್ರದ ಹಾಗೆಯೇ, ತಪ್ಪಿಲ್ಲದ್ದು. ಅದರಲ್ಲಿ ಇಲ್ಲದ ನದಿಯೊಂದು ಹರಿಯುತ್ತಿರುತ್ತದೆ.

ಜಪಾನಿನ ಮಿತ್ರನ ನಾಲ್ಕನೆಯ ಪತ್ರದಲ್ಲಿ ಒಂದೇ ಪ್ರಶ್ನೆಯಿತ್ತು. ನಿನ್ನ ಕಾವಲಿನಲ್ಲಿ ಗುಡ್ಡವಿಲ್ಲ, ಮರಗಳು ಕಡಿಮೆ ಎಂದು ಬರೆದಿದ್ದೀಯೆ. ಹಾಗಾದರೆ ಜಿಂಕೆಗಳು ರಾತ್ರಿ ಎಲ್ಲಿ ಮಲಗುತ್ತವೆ? ಹುಟ್ಟಿದಂದಿನಿಂದ ಕೃಷ್ಣಮೃಗಗಳ ಹಿಂಡನ್ನು ನೋಡುತ್ತ ಬೆಳೆದ ನನಗೆ ಇದು ತಿಳಿದಿರಲಿಲ್ಲ. ಊರಿಗೆ ಹೋದಾಗ ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜನನ್ನು ಕೇಳಿದೆ. ಅವನು ಕಂಬಳಿಯ ಕೊಪ್ಪೆಯೊಳಗಿನಿಂದಲೇ ನಕ್ಕು, “ಅವು ಮರೆಯಾಗೆ ಮಲಗೋ ಜಾತಿ ಅಲ್ಲಪ್ಪ. ನಟ್ಟ ನಡು ಬಯಲಾಗೇ ಮಲಗ್ತಾವೆ. ತ್ವಾಳ ಬಂದ್ರೆ ನಾಕೂ ದಿಕ್ಕು ಕಾಣಬ್ಯಾಡ್ವಾ?” ಎಂದನು.

ಪ್ರಸಾದ ನಿಲಯಕ್ಕೆ ಹಿಂದಿರುಗಿ ಆ ಮಾತನ್ನು ಇಂಗ್ಲಿಷಿನಲ್ಲಿ ಬರೆಯಲು ಕುಳಿತೆನು. ‘ಬಯಲು’ ಎಂಬುದಕ್ಕೆ ನಿಘಂಟಿನಲ್ಲಿ ಆರು ಪದಗಳಿದ್ದವು. ಆರನ್ನೂ ಒಂದರ ಕೆಳಗೊಂದು ಬರೆದು, ಇವುಗಳಲ್ಲಿ ಯಾವುದು ಸರಿಯೋ ಅದನ್ನು ನೀನೇ ಆರಿಸಿಕೋ ಎಂದು ಸೇರಿಸಿ, ಲಕೋಟೆಯನ್ನು ಅಂಟಿಸಿದೆ.